ಕೆಂಪು ಬಾರದ ಪಾಕ

ಕುಸುಮಳಿಗೆ, ಅಂದರೆ ನನಗೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಬಂದು ಹೋದವರಿಗೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಹಾಗೇನಾದರೂ ಇದ್ದಿದ್ದರೆ ನಾಲ್ಕು ವರ್ಷದ ಹಿಂದೆ, ನನ್ನ ಒಗ್ಗರಣೆ ಒಲೆಯನ್ನು ಎತ್ತಿ ಹಿತ್ತಲಿಗೆ ಇಟ್ಟ ದಿನವೇ ನಾನು ಹೊಳಲು ಊರಿನ ಈ ಮನೆಯ ಹೆಂಚು ಹಾರಿಸಿಬಿಡುತ್ತಿದ್ದೆ. ಅವತ್ತು ಸುಮ್ಮನೆ ಬಾಣಲೆ ಎತ್ತಿಕೊಂಡು ಹೊರಗೆ ಹೋದೆ. ಅದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಕೋಪ.

ಆಗಿದ್ದಿಷ್ಟು. ನಾಲ್ಕು ವರ್ಷದ ಹಿಂದೆ ನಮ್ಮತ್ತೆ ಸಣ್ಣತಾಯಮ್ಮನಿಗೆ ಉಬ್ಬಸ ಶುರುವಾಯಿತು. ಅರವತ್ತೆಂಟು ವರ್ಷದವರೆಗೆ ಗದ್ದೆಯ ಬದುವಿನ ಮೇಲೆ ದಡದಡ ನಡೆಯುತ್ತಿದ್ದ ಹೆಂಗಸು, ಕಾಫಿ ಕುಡಿದು ಎದ್ದರೆ ಎದೆ ಹಿಡಿದುಕೊಂಡು ಕೂರತೊಡಗಿದರು. ಮಂಡ್ಯದ ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟು, ಹೊಗೆ, ಧೂಳು, ಘಾಟು ದೂರವಿಡಿ ಎಂದರು. ಮನೆಗೆ ಬಂದವರೇ ಎಲ್ಲರೂ ನನ್ನ ಬಾಣಲೆಯ ಕಡೆ ನೋಡಿದರು. "ಇವಳ ಒಗ್ಗರಣೆ ಒಗೆ ನನ್ ಜೀವ ತಗೀತದೆ ಕಣ್ಲಾ ಸಿವರಾಜ," ಎಂದು ಅತ್ತೆ ಮಗನಿಗೆ ಹೇಳಿದರು. ಮಗ, ಅಂದರೆ ನನ್ನ ಗಂಡ ಶಿವರಾಜು, ಒಂದು ಮಾತೂ ಆಡದೆ ಹಿತ್ತಲಲ್ಲಿ ನೀರೊಲೆಯ ಪಕ್ಕ ಒಂದು ಶೀಟು ಇಳಿಸಿ, ಅದರ ಕೆಳಗೆ ಸಣ್ಣ ಒಲೆ ಇಟ್ಟುಕೊಟ್ಟ. ಅಲ್ಲಿಂದಾಚೆ ಸಾರಿಗೆ, ಪಲ್ಯಕ್ಕೆ, ಉಪ್ಪಿಟ್ಟಿಗೆ, ಚಟ್ನಿಗೆ, ಪ್ರತಿಯೊಂದಕ್ಕೂ ನಾನು ಬಾಣಲೆ ಹಿಡಿದು ಹೊರಗೆ ಓಡಬೇಕು. ಆಷಾಢದ ಗಾಳಿಗೆ ಒಲೆ ಆರುತ್ತಿತ್ತು, ಮಳೆಗೆ ಸೆರಗು ನೆನೆಯುತ್ತಿತ್ತು. ನೆಂಟರು ಬಂದರೆ ಅತ್ತೆ ಮರೆಯದೆ, "ನಮ್ ಸೊಸೆ ಕೈ ಒಗ್ಗರಣೆಯಿಂದ್ಲೇ ನಂಗೆ ಈ ಕಾಯಿಲೆ ಬಂದದ್ದು" ಎಂದು ಕಾಫಿ ಲೋಟದ ಜೊತೆ ಅದನ್ನೂ ಕೊಡುತ್ತಿದ್ದರು. ಉಬ್ಬಸ ಮಾತ್ರ ಹೋಗಲಿಲ್ಲ. ಹೋಗದಿದ್ದರೆ ತಪ್ಪು ಒಗ್ಗರಣೆಯದಲ್ಲವೇನೋ ಎಂದು ಯಾರಾದರೂ ಯೋಚಿಸಬೇಕಿತ್ತಲ್ಲ, ಯಾರೂ ಯೋಚಿಸಲಿಲ್ಲ. ನಾನು ಹೇಳಿದರೆ ಎದುರುತ್ತರ ಎಂದರು.

ನಮ್ಮದು ಆಲೆಮನೆ ಇರುವ ಮನೆ. ಊರ ಹೊರಗೆ ನಾಲೆಯ ಪಕ್ಕ ನಮ್ಮ ಗಾಣ, ಕೊಪ್ಪರಿಗೆ. ಪೇಟೆಗೆ ಹೋಗುವ ಬೆಲ್ಲ ಚಿನ್ನದ ಬಣ್ಣಕ್ಕೆ ಬರಬೇಕು, ಇಲ್ಲದಿದ್ದರೆ ಮಂಡಿಯಲ್ಲಿ ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ. ಅದಕ್ಕೆ ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಎನ್ನುವ ಬಿಳಿ ಪುಡಿ ಹಾಕುತ್ತಾರೆ. ಕಪ್ಪು ಕೊಳೆಯೆಲ್ಲ ಹೋದ ಹಾಗೆ ಬೆಲ್ಲ ಬೆಳ್ಳಗಾಗುತ್ತದೆ. ಇದು ಗುಟ್ಟೇನಲ್ಲ, ನನಗೂ ಗೊತ್ತಿತ್ತು. ಆದರೆ ನಮ್ಮ ಮಾವನ ಕಾಲದಿಂದ ಒಂದು ಪದ್ಧತಿ ಇತ್ತು. ತಿಂಗಳಿಗೊಂದು ಕೊಪ್ಪರಿಗೆ ಮನೆಗೆ ಅಂತಲೇ ಬೇಯಬೇಕು, ಅದಕ್ಕೆ ಪುಡಿ ಮುಟ್ಟಿಸಬಾರದು, ಬೆಂಡೆಗಿಡ ಜಜ್ಜಿದ ಲೋಳೆ ಹಾಕಿ ಕೊಳೆ ತೆಗೆಯಬೇಕು, ಅಷ್ಟೇ. ಅದಕ್ಕೆ ಮನೆ ಪಾಕ ಎಂದು ಹೆಸರು. ಮಾವ ಹೋದ ಮೇಲೂ ಶಿವರಾಜು ಅದನ್ನು ತಪ್ಪದೆ ಮಾಡಿ ತಂದು ಡಬ್ಬಕ್ಕೆ ತುಂಬುತ್ತಿದ್ದ. ಹಾಗೆಂದು ನಾವೆಲ್ಲ ನಂಬಿದ್ದೆವು. ಈಚಿನ ವರ್ಷಗಳಲ್ಲಿ ಬಣ್ಣ ಬೆಳ್ಳಗಾದಾಗ, ಲೋಳೆ ಜಾಸ್ತಿ ಹಾಕಿದೆ ಎಂದ ಅವನ ಮಾತನ್ನೂ ನಂಬಿದೆವು.

ಈ ವರ್ಷ ಜೂನ್‌ನಲ್ಲಿ ಶುಭಾಳ ಫೋನು ಬಂತು. ಶುಭಾ ನಾನು ಮದ್ದೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವಳು ಮುಂದೆ ಓದಿ ಮಳವಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಾಳೆ. ಗಂಡ ಕೃಷ್ಣಪ್ರಸಾದ್‌ಗೆ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸ. ಅವರನ್ನು ತರಬೇತಿಗೆಂದು ಹಿಮಾಚಲದ ಒಂದು ಪವರ್ ಹೌಸಿಗೆ ಕಳಿಸಿದ್ದರಂತೆ, ಬರುವಾಗ ಮೂರು ಪೆಟ್ಟಿಗೆ ಹಣ್ಣು ಹೊತ್ತು ತಂದಿದ್ದಾರೆ. ನೆಕ್ಟರಿನ್, ಪ್ಲಮ್, ಜೊತೆಗೆ ಒಂದಿಷ್ಟು ಆಪ್ರಿಕಾಟ್.

"ಕ್ವಾರ್ಟರ್ಸಿಗೆಲ್ಲ ಹಂಚಿದೆ ಕಣೇ, ಆದ್ರೂ ಮುಗೀತಾ ಇಲ್ಲ. ಎಲ್ಲ ಮೆತ್ತಗಾಗ್ತಿದೆ," ಎಂದಳು ಶುಭಾ. "ಒಂದು ಪೆಟ್ಟಿಗೆ ಮಳವಳ್ಳಿಯಿಂದ ಮಂಡ್ಯದ ಬಸ್ಸಿಗೆ ಹಾಕಿರ್ತೀನಿ, ಇಳಿಸ್ಕೋ. ಹಸಿಯಾಗಿ ತಿನ್ನೋಕೆ ಆಗದಷ್ಟು ಹಣ್ಣಾಗಿದ್ರೆ ಬೇಯಿಸಿಬಿಡು. ಕಾಂಪೋಟ್ ಅಂತಾರೆ, ನೀನು ಹಣ್ಣಿನ ಪಾಕ ಅಂದ್ಕೋ. ಏನೂ ಕಷ್ಟ ಇಲ್ಲ. ಸುತ್ತ ಒಂದು ಗೆರೆ ಕೊಯ್ದು ಎರಡು ಹೋಳನ್ನೂ ತಿರುಚಿದ್ರೆ ಓಟೆ ಬಂದ್ಬಿಡತ್ತೆ. ಸಿಪ್ಪೆ ತೆಗೀಬೇಡ, ಬಣ್ಣ ಎಲ್ಲ ಅದ್ರಲ್ಲೇ ಇರೋದು. ಸಕ್ಕರೆ, ಸ್ವಲ್ಪ ನೀರು, ಏಲಕ್ಕಿ. ಸಣ್ಣ ಉರಿ, ಕಾಲು ಗಂಟೆ. ಚೆನ್ನಾಗಿ ಕೆಂಪಗೆ ಬರತ್ತೆ ನೋಡು."

ಪೆಟ್ಟಿಗೆ ಬಂತು. ನೆಕ್ಟರಿನ್ ಅಂದರೆ ನಾನು ಮಂಡ್ಯದ ಹಣ್ಣಿನಂಗಡಿಯಲ್ಲಿ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ. ನುಣ್ಣಗೆ, ಒಂದು ಕಡೆ ಹಳದಿ, ಒಂದು ಕಡೆ ರಕ್ತಗೆಂಪು. ಕೊಯ್ದರೆ ಓಟೆಯ ಸುತ್ತಲೂ ಕೆಂಪು. ಒಂದು ಹೋಳು ಬಾಯಿಗೆ ಹಾಕಿಕೊಂಡೆ, ಮಾವಿನ ವಾಸನೆಗೆ ಹುಳಿ ಬೆರೆಸಿದ ಹಾಗಿತ್ತು. ಬೇಯಿಸಲು ಕೂತಾಗ ಸಕ್ಕರೆ ಡಬ್ಬಕ್ಕೆ ಕೈ ಹಾಕಿದವಳು ನಿಂತೆ. ಆಲೆಮನೆಯ ಸೊಸೆ ಹಣ್ಣಿಗೆ ಸಕ್ಕರೆ ಹಾಕುವುದೇ, ನಮ್ಮ ಬೆಲ್ಲಕ್ಕೇನಾಗಿದೆ ರೋಗ ಎಂದುಕೊಂಡು, ಮನೆ ಪಾಕದ ಡಬ್ಬದಲ್ಲಿ ಅಚ್ಚುಗಳನ್ನು ಕೆದಕಿ ಕೆದಕಿ ಎಲ್ಲಕ್ಕಿಂತ ಬೆಳ್ಳಗಿದ್ದ ನಾಲ್ಕನ್ನು ಆರಿಸಿ ತೆಗೆದೆ. ನಮ್ಮ ಕಡೆಯವರ ಕಣ್ಣೇ ಹಾಗೆ. ಬೆಲ್ಲ ಬೆಳ್ಳಗಿದ್ದರೆ ಒಳ್ಳೆಯದು, ಕಪ್ಪಗಿದ್ದರೆ ಆಳಿಗೆ, ದನಕ್ಕೆ.

ಮುಚ್ಚಿಟ್ಟು ಬೇಯಿಸಿ ಕಾಲು ಗಂಟೆಗೆ ತೆಗೆದರೆ ಬೆಂಕಿಕಡ್ಡಿ ಗೀರಿ ಆರಿಸಿದಂಥ ಘಾಟು ಮೂಗಿಗೆ ಹೊಡೆಯಿತು. ಹಣ್ಣಿನ ಕೆಂಪು ಎಲ್ಲಿ ಹೋಯಿತೋ. ಸಿಪ್ಪೆ ಪೇಲವವಾಗಿತ್ತು, ಪಾಕ ಅಕ್ಕಿ ತೊಳೆದ ನೀರಿಗೆ ಒಂದು ಚಿಟಿಕೆ ಅರಿಸಿನ ಹಾಕಿದಂತಿತ್ತು. ಅಷ್ಟರಲ್ಲಿ ಅತ್ತೆ, ಇದೇನು ಹೊಸ ಅಡಿಗೆ ಎಂದು ಪಾತ್ರೆಯ ಮೇಲೆ ಬಗ್ಗಿ ಒಂದು ಚಮಚ ಬಾಯಿಗಿಟ್ಟರು. ಮೂರು ನಿಮಿಷವಾಗಲಿಲ್ಲ, ಕೆಮ್ಮು ಹತ್ತಿ, ಎದೆ ಸೀಟಿ ಹೊಡೆಯಿತು. ಪಂಪು ಹುಡುಕಿ ಕೈಗೆ ಕೊಟ್ಟೆ. ಉಸಿರು ತಿರುಗಿದ ಮೇಲೆ ಅವರು ಆಡಿದ ಮೊದಲ ಮಾತು, "ಒಗ್ಗರಣೆ ಸಾಲ್ದೂಂತ ಇನ್ನೊಂದು ಕಲ್ತಳು."

ನಾನು ಒಲೆ ಆರಿಸಿ, ಫೋಟೋ ತೆಗೆದು ಶುಭಾಗೆ ಕಳಿಸಿದೆ. ಅವಳು ತನ್ನದರ ಫೋಟೋ ಕಳಿಸಿದಳು, ದಾಸವಾಳದ ಕೆಂಪು. ಆಮೇಲೆ ಫೋನು ಮಾಡಿದಳು.

"ಏನು ಹಾಕಿದ್ದೆ ಅದಕ್ಕೆ?"

"ಬೆಲ್ಲ ಹಾಕ್ದೆ."

"ಬೆಂಕಿಕಡ್ಡಿ ವಾಸನೆ ಬಂತಾ?"

ಬಂತು ಎಂದೆ. ಅವಳು ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. "ಅದ್ರಲ್ಲಿ ಹೈಡ್ರೋಸ್ ಉಳಿದಿದೆ ಕುಸುಮ. ಹುಳಿ ಹಣ್ಣಿನ ಜೊತೆ ಬೆಂದ್ರೆ ಗಂಧಕದ ಘಾಟು ಬಿಡತ್ತೆ. ಬೆಲ್ಲದ ಬಣ್ಣ ತೆಗೆದ ಹಾಗೇ ಹಣ್ಣಿನ ಕೆಂಪನ್ನೂ ತೆಗೆದುಬಿಡತ್ತೆ. ಉಬ್ಬಸ ಇರೋವ್ರಲ್ಲಿ ಕೆಲವ್ರಿಗೆ ಅದು ಆಗೋದೇ ಇಲ್ಲ. ನಿಮ್ಮತ್ತೆ ದಿನಾ ಬೆಲ್ಲದ ಕಾಫಿ ಕುಡೀತಾರೆ ಅಂತಿದ್ಯಲ್ಲ."

ನನಗೆ ಉರಿದುಹೋಯಿತು. ಅವಳ ಮೇಲೆ. "ನಮ್ಮನೆ ಬೆಲ್ಲಕ್ಕೆ ಔಸ್ದಿ ಆಕಲ್ಲ ಕಣೇ. ನಿನ್ ಕೊಳ್ತೋದ ಹಣ್ಣು ಕಳ್ಸಿ ನಮ್ ಬೆಲ್ಲದ ಮೇಲೆ ತಪ್ಪು ಒರಸ್ಬೇಡ," ಎಂದು ಫೋನು ಇಟ್ಟೆ. ಶುಭಾ ಮತ್ತೆ ಮಾಡಲಿಲ್ಲ. ಒಂದು ಮೆಸೇಜು ಕಳಿಸಿದಳು. ಮೂರು ಥರದ ಸಿಹಿ ಹಾಕಿ ಮೂರು ಪಾತ್ರೆಯಲ್ಲಿ ಬೇಯಿಸಿ ನೋಡು, ಅಷ್ಟೇ.

ಬೇಯಿಸಿದೆ. ಅವಳು ಹೇಳಿದ್ದು ಸುಳ್ಳು ಎಂದು ತೋರಿಸಲಿಕ್ಕೆಂದೇ ಬೇಯಿಸಿದೆ. ಪಕ್ಕದ ಬೀದಿಯ ಚೌಡಯ್ಯ ಪುಡಿ ಹಾಕದೆ ಎರಡು ಅಚ್ಚಿನಷ್ಟು ದೊಡ್ಡ ಕಪ್ಪು ಉಂಡೆ ಬೆಲ್ಲ ಮಾಡುತ್ತಾನೆ, ಔಷಧಿ ಅಂಗಡಿಯ ಪಂಡಿತರಿಗೆ ಕೊಡುವುದಕ್ಕೆ. ಅವನ ಮನೆಯಿಂದ ಒಂದು ಉಂಡೆ ತಂದೆ. ಈ ಸಲ ಪ್ಲಮ್ ತೆಗೆದುಕೊಂಡೆ, ಅದರ ಸಿಪ್ಪೆ ಇನ್ನೂ ಕೆಂಪು. ಒಂದಕ್ಕೆ ಸಕ್ಕರೆ, ಒಂದಕ್ಕೆ ಚೌಡಯ್ಯನ ಬೆಲ್ಲ, ಒಂದಕ್ಕೆ ಮನೆ ಪಾಕ. ಮೊದಲನೆಯದು ಅಚ್ಚಗೆಂಪಾಯಿತು. ಎರಡನೆಯದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಚಮಚದಲ್ಲಿ ನೆಕ್ಕಿದರೆ ಹುಳಿಯೂ ಸಿಹಿಯೂ ನಾಲಿಗೆಯಲ್ಲಿ ಜಗಳವಾಡಿದವು, ಬಹಳ ಚೆನ್ನಾಗಿತ್ತು. ಮೂರನೆಯದು ನನ್ನ ಕಣ್ಣೆದುರೇ ಬಣ್ಣ ಬಿಟ್ಟಿತು. ಮೂಗಿಗೆ ಅದೇ ಘಾಟು. ನಾಲ್ಕು ವರ್ಷ ಕಾಫಿ ಲೋಟದಲ್ಲಿ, ಪಾಯಸದಲ್ಲಿ, ಹೋಳಿಗೆಯ ಹೂರಣದಲ್ಲಿ ನಾನೇ ಕೈಯಾರೆ ಅತ್ತೆಗೆ ಕೊಟ್ಟಿದ್ದೆ ಅದನ್ನು. ಕೊಟ್ಟವಳು ನಾನು, ಬೈಸಿಕೊಂಡವಳು ನಾನು, ಹಾಕಿದವನು ಮಾತ್ರ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ಆಲೆಮನೆಗೆ ಹೋಗುತ್ತಿದ್ದ.

ತಕ್ಷಣ ಜಗಳಕ್ಕೆ ನಿಲ್ಲಲಿಲ್ಲ. ನಿಂತಿದ್ದರೆ ಗಂಡ ನಕ್ಕು, ಹಣ್ಣು ಕೊಳೆತಿತ್ತು ಎನ್ನುತ್ತಿದ್ದ, ನನ್ನದೇ ಮಾತು ನನಗೆ ತಿರುಗಿಸುತ್ತಿದ್ದ. ಮನೆ ಪಾಕದ ಅಚ್ಚುಗಳನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದೆ. ಚೌಡಯ್ಯನ ಬೆಲ್ಲ ಡಬ್ಬಕ್ಕೆ ತುಂಬಿದೆ. "ಇದ್ಯಾಕಮ್ಮಿ ಕಾಫಿ ಇಂಗೆ ಕಪ್ಗದೆ," ಎಂದರು ಅತ್ತೆ. ಈ ಸಲದ್ದು ಹೀಗೇ ಬಂದಿದೆ ಎಂದೆ. ಮುಖ ಸೊಟ್ಟ ಮಾಡಿಕೊಂಡು ಕುಡಿದರು. ಮೊದಲ ಮೂರು ದಿನ ಪಂಪು ಹೊಡೆದುಕೊಂಡರು. ನಾಲ್ಕನೆಯ ದಿನ ಹೊಡೆದುಕೊಳ್ಳಲಿಲ್ಲ. ಏಳನೆಯ ದಿನ ನಾನು ಒಂದು ಕೆಲಸ ಮಾಡಿದೆ, ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವತ್ತೊಂದು ಹೊತ್ತಿಗೆ ಬಾಣಲೆಯನ್ನು ಒಳಗಿನ ಒಲೆಯ ಮೇಲಿಟ್ಟು, ಸಾಸಿವೆ, ಒಣಮೆಣಸಿನಕಾಯಿ, ಇಂಗು ಹಾಕಿ ಚಟಪಟ ಒಗ್ಗರಣೆ ಸಿಡಿಸಿದೆ. ಎಡಗೈಯಲ್ಲಿ ಪಂಪು ಹಿಡಿದುಕೊಂಡೇ ಇದ್ದೆ. ಅತ್ತೆ ಪಡಸಾಲೆಯಿಂದ ಎರಡು ಸಲ ಸೀನಿ, "ಇವತ್ತೇನ್ ಉಳ್ಳಿಕಾಳ್ ಸಾರಾ?" ಎಂದರು. ಅಷ್ಟೇ. ಹತ್ತನೆಯ ದಿನ ಅವರೇ ಎದ್ದು ನಾಲೆಯವರೆಗೆ ನಡೆದುಕೊಂಡು ಹೋಗಿಬಂದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸಂತೋಷವಾಗಬೇಕಿತ್ತು, ಅಳು ಬಂತು, ಅಳುವಿನ ಹಿಂದೆಯೇ ಎದೆ ಒಡೆಯುವಷ್ಟು ಸಿಟ್ಟು ಬಂತು.

ಭಾನುವಾರ ಮಧ್ಯಾಹ್ನ ಶಿವರಾಜು ಊಟಕ್ಕೆ ಬಂದಾಗ ಅಡಿಗೆಮನೆಗೆ ಕರೆದೆ. ಫ್ರಿಜ್ಜಿನಲ್ಲಿಟ್ಟಿದ್ದ ಎರಡು ಬಟ್ಟಲು ಮುಂದಿಟ್ಟೆ, ಒಂದು ಕಪ್ಪುಗೆಂಪು, ಒಂದು ಪೇಲವ. ನಡೆದಿದ್ದನ್ನೆಲ್ಲ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಹೊರಗೆ ಅವ್ವನಿಗೆ ಕೇಳಿಸೀತೆಂದು ಬಾಗಿಲು ಮುಂದೆ ಮಾಡಿದ.

"ಎಷ್ಟು ವರ್ಸದಿಂದ ಆಕ್ತಾ ಇದ್ದೀರ ಮನೆ ಬೆಲ್ಲಕ್ಕೆ?" ಎಂದೆ.

"ನಾಕು ವರ್ಸ ಆಯ್ತು," ಎಂದ. "ಅವ್ವನೇ ಅಂದಿದ್ದು. ನಮ್ ತಂಗಿ ಅರ್ಪಿತನ್ ಸೀಮಂತಕ್ಕೆ ಸೋಮನಹಳ್ಳಿ ಬೀಗ್ರು ಬಂದಿದ್ರಲ್ಲ, ಆಲೆಮನೆ ಇಟ್ಕಂಡು ಕರೀ ಬೆಲ್ಲದಲ್ಲಿ ಹೋಳಿಗೆ ಮಾಡ್ತಾರಲ್ಲ ಅಂತ ಆಡ್ಕಂಡ್ರಂತೆ. ಅವ್ವಂಗೆ ಅವಮಾನ ಆಯ್ತು. ಮನೆಗೂ ಬೆಳ್ಳಗಿರೋದೇ ತತ್ತಾ ಅಂದ್ಲು. ಬೆಳ್ಳಗೆ ಆಗ್ಬೇಕು ಅಂದ್ರೆ ಪುಡಿ ಆಕ್ಬೇಕು, ಅದನ್ನ ಅವಳ್ಗೆ ಏಳ್ಲಿಲ್ಲ. ಒಸಿ ತಾನೆ, ಏನಾದದು ಅಂದ್ಕಂಡೆ."

"ಅದೇ ನಾಕು ವರ್ಸದಿಂದ ಅವ್ರಿಗೆ ಉಬ್ಬಸ. ನಿಮ್ ತಲೆಗೆ ಒಂದ್ ದಿನಾನೂ ಒಳೀಲಿಲ್ವ?"

ಅವನು ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. "ಒಂದೆರಡು ಸಲ ಒಳೀತು. ಇದ್ರೂ ಇರ್ಬೋದು ಅನ್ನಿಸ್ತು. ಡಾಕ್ಟ್ರು ಒಗೆ ಅಂದ್ರಲ್ಲ, ಅದೇ ಇರ್ಲಿ ಅಂತ ಬುಟ್ಬುಟ್ಟೆ. ಆಗಿದ್ದು ಆಯ್ತು ಬುಡು ಕುಸುಮ. ನಾಳೆಯಿಂದ ಚೌಡಯ್ಯನ್ ಬೆಲ್ಲನೇ ತತ್ತೀನಿ. ಅವ್ವಂಗೆ ಮಾತ್ರ ಏಳ್ಬೇಡ, ತಾನೇ ಕೇಳಿ ತರ್ಸ್ಕಂಡೆ ಅಂತ ಕೊರಗ್ತಾಳೆ. ನೀನೂ ಒಗ್ಗರಣೆ ಇತ್ಲಲ್ಲೇ ಆಕ್ತಾ ಇರು. ತಕ್ಷಣ ಒಳಕ್ಕೆ ತಂದ್ರೆ ಅನುಮಾನ ಬತ್ತದೆ."

ಆ ಕೊನೆಯ ಮಾತು ಆಡದೆ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅವನ ಅವ್ವ ಕೊರಗಬಾರದು. ಅವನ ಮರ್ಯಾದೆ ಹೋಗಬಾರದು. ಅದಕ್ಕೋಸ್ಕರ ನಾನು ಇನ್ನೊಂದು ಆಷಾಢ, ಅದರ ಮೇಲೊಂದು ಆಷಾಢ, ಬಾಣಲೆ ಹಿಡಿದು ಶೀಟಿನ ಕೆಳಗೆ ನಿಲ್ಲಬೇಕು. ಅನುಮಾನ ಬರಬಾರದಲ್ಲ. ಎರಡೂ ಬಟ್ಟಲು ಎತ್ತಿಕೊಂಡು, ಅವನನ್ನು ಭುಜದಿಂದ ತಳ್ಳಿ, ಪಡಸಾಲೆಗೆ ನಡೆದೆ.

ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ಮೊರದ ಪಕ್ಕದಲ್ಲೇ ಬಟ್ಟಲು ಕುಕ್ಕಿ, ನಿಂತುಕೊಂಡೇ ಎಲ್ಲ ಹೇಳಿದೆ. ಹಣ್ಣು, ಪುಡಿ, ಕಾಫಿ, ಉಬ್ಬಸ, ಸೋಮನಹಳ್ಳಿಯ ಬೀಗರು, ಮಗ ಈಗ ತಾನೆ ಬಾಗಿಲು ಮುಚ್ಚಿಕೊಂಡು ಆಡಿದ ಮಾತು. ಒಂದನ್ನೂ ಬಿಡಲಿಲ್ಲ, ಮೆತ್ತಗೂ ಹೇಳಲಿಲ್ಲ. ಶಿವರಾಜು ಹಿಂದಿನಿಂದ "ಲೇ, ಸಾಕು ನಿಲ್ಸೇ" ಎನ್ನುತ್ತಲೇ ಇದ್ದ.

ಅತ್ತೆ ಪೇಲವ ಬಟ್ಟಲನ್ನು ಮೂಗಿನ ಹತ್ತಿರ ತಂದು, ಮುಖ ಹಿಂದಕ್ಕೆಳೆದುಕೊಂಡರು. ಕೆಂಪು ಬಟ್ಟಲಿನಿಂದ ಒಂದು ಹೋಳು ತೆಗೆದು ತಿಂದರು. ನಿಧಾನವಾಗಿ ಅಗಿದು ನುಂಗಿದರು.

"ನಾಕು ವರ್ಸ ನಾನು ಬಾಯಿಗೆ ಬಂದಂಗೆ ಅಂದೆ," ಎಂದರು ನನ್ನ ಕಡೆ ತಿರುಗಿ. "ನೀನ್ಯಾಕಮ್ಮಿ ಸುಮ್ಕಿದ್ದೆ?"

"ನಾನು ಸುಮ್ಕಿರ್ಲಿಲ್ಲ ಅತ್ತೆ. ಏಳ್ದೆ. ಏಳ್ದಾಗೆಲ್ಲ ಎದುರುತ್ತರ ಅಂದ್ರಿ."

ಅವರು ಬಟ್ಟಲನ್ನು ಕೆಳಗಿಟ್ಟರು. ಮಗನ ಕಡೆ ನೋಡಿದರು. "ಪೇಟೆ ಬೆಲ್ಲಕ್ಕೆ ಇದ್ಕಿಂತ ಜಾಸ್ತಿ ಆಕ್ತೀಯೇನ್ಲಾ?"

"ಎಲ್ರೂ ಆಕ್ತಾರೆ ಅವ್ವ. ಆಕ್ದೆ ಓದ್ರೆ ಮಂಡೀಲಿ ಎತ್ಕಳಲ್ಲ."

"ಕೇಳಿದ್ದು ಅದಲ್ಲ."

"ಜಾಸ್ತೀನೇ," ಎಂದ ಶಿವರಾಜು.

ಅತ್ತೆ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸಲು ಕೂತರು. ನನ್ನ ಸಿಟ್ಟಿಗೆ ಹೋಗಲು ಜಾಗವೇ ಇಲ್ಲದಂತಾಯಿತು. ತಪ್ಪಾಯ್ತು ಎನ್ನುತ್ತಾರೆ ಎಂದು ಕಾದೆ. ಊಟಕ್ಕೆ ಬಡಿಸುವಾಗಲೂ ಕಾದೆ, ಪಾತ್ರೆ ತೊಳೆಯುವಾಗಲೂ ಕಾದೆ. ಮೂರು ಅಕ್ಷರದ ಮಾತು ಆ ಬಾಯಿಂದ ಬರಲಿಲ್ಲ. ಶುಭಾಗೆ ಫೋನು ಮಾಡಿ ನಾನು ತಪ್ಪಾಯ್ತು ಎಂದೆ. ನನಗೆ ಬರುತ್ತದೆ, ಅವರಿಗೇಕೆ ಬರುವುದಿಲ್ಲ ಎಂದು ಅದಕ್ಕೂ ಸಿಟ್ಟು ಬಂತು.

ಮಾರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಹಿತ್ತಲಲ್ಲೂ ಇಲ್ಲ. ಪಂಪು ಕೂಡ ಗೂಡಿನಲ್ಲಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಆಲೆಮನೆಯ ಕಡೆಗೆ ಓಡಿದೆ. ಆಲೆಮನೆಯಲ್ಲಿ ಆಗಲೇ ಕೊಪ್ಪರಿಗೆ ಕುದಿಯುತ್ತಿತ್ತು. ಒಲೆಗೆ ಕಬ್ಬಿನ ಸಿಪ್ಪೆ ತಳ್ಳಿದ ಹೊಗೆ ಮಾಡಿನ ತುಂಬ. ಆ ಹೊಗೆಯಲ್ಲಿ, ಕೊಪ್ಪರಿಗೆಯಿಂದ ನಾಲ್ಕು ಮಾರು ದೂರದಲ್ಲಿ, ಅತ್ತೆ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿದ್ದರು. ಸೆರಗು ಮೂಗಿಗೆ ಕಟ್ಟಿದ್ದರು, ಮಡಿಲಲ್ಲಿ ಪಂಪು. ಶಿವರಾಜು ಪುಡಿಯ ಡಬ್ಬ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತಿದ್ದ. ಗಾಣದ ಆಳುಗಳು ಕೆಲಸ ಬಿಟ್ಟು ನೋಡುತ್ತಿದ್ದರು.

"ಎದ್ದೋಗವ್ವ, ಉಸ್ರು ಕಟ್ಕತದೆ," ಎಂದ ಅವನು.

"ಕಟ್ಕಳ್ಲಿ. ನೀನು ಅದನ್ನ ನಾಲೆಗೆ ಸುರುದ್ರೆ ಮೀನ್ ಸಾಯ್ತವೆ, ಗುಂಡಿ ತೋಡಿ ಊಣು. ಊಣಿದ್ ಮೇಲೆ ಎದ್ದೋಯ್ತೀನಿ."

"ಮಂಡೀಲಿ ಏನ್ ಏಳ್ಲಿ?"

"ನಮ್ಮವ್ವಂಗೆ ಉಬ್ಬಸ ಅದೆ ಅಂತ ಏಳು."

ಅವನು ನನ್ನ ಕಡೆ ನೋಡಿದ, ಕರೆದುಕೊಂಡು ಹೋಗು ಎನ್ನುವ ಹಾಗೆ. ನಾನು ಅಲ್ಲಾಡಲಿಲ್ಲ. ಅತ್ತೆಯ ಎದೆ ಸೀಟಿ ಹೊಡೆಯಲು ಶುರುವಾಗಿದ್ದು ನಾನು ನಿಂತಲ್ಲಿಗೇ ಕೇಳಿಸುತ್ತಿತ್ತು, ಅವರು ಪಂಪು ಮುಟ್ಟಲಿಲ್ಲ. ಕೊನೆಗೆ ಶಿವರಾಜು ಡಬ್ಬ ಒಬ್ಬ ಆಳಿನ ಕೈಗೆ ಕೊಟ್ಟು ಹಿಂದೆ ಗುಂಡಿ ತೆಗೆಯಲು ಹೇಳಿ, ತಾನೇ ಬದುವಿಗೆ ಹೋಗಿ ಬೆಂಡೆಗಿಡ ಕಿತ್ತು ತಂದು ಜಜ್ಜಲು ಕೂತ.

ನಾನು ಓಡಿ ಹೋಗಿ ಪಂಪನ್ನು ಅತ್ತೆಯ ಬಾಯಿಗೆ ಹಿಡಿದೆ. ಎರಡು ಸಲ ಎಳೆದುಕೊಂಡರು. ಅವರನ್ನು ಎಬ್ಬಿಸಿ ಗಾಳಿ ಬರುವ ಕಡೆ, ಮಾಡಿನ ಆಚೆ ಬುಟ್ಟಿ ಹಾಕಿ ಕೂರಿಸಿದೆ. ಬೆನ್ನು ಸವರುತ್ತ, "ನಿಮಗೇನ್ ಬುದ್ಧಿ ಅದೆಯಾ, ಸತ್ತೋಗಿದ್ರೆ ಏನ್ ಮಾಡ್ಬೇಕಿತ್ತು," ಎಂದು ನಾನು ಬೈದೆ. ನಾಲ್ಕು ವರ್ಷದ್ದೆಲ್ಲ ಸೇರಿಸಿ ಬೈದೆ. ಆಳುಗಳೆಲ್ಲ ಕೇಳುವ ಹಾಗೆ ಬೈದೆ. ಎಲ್ಲ ಆದ ಮೇಲೂ ಬಿಡದೆ, "ನಾನ್ ಕಾದಿದ್ದು ಒಂದೇ ಮಾತಿಗೆ, ತಪ್ಪಾಯ್ತು ಅಂತ. ಅಷ್ಟು ಅನ್ನಕ್ಕೆ ನಿಮಗೆ ಆಗ್ಲಿಲ್ಲ," ಎಂದೆ.

ಅತ್ತೆ ಉಸಿರು ತಿರುಗುವವರೆಗೆ ಕೊಪ್ಪರಿಗೆಯನ್ನೇ ನೋಡುತ್ತಿದ್ದರು.

"ತಪ್ಪಾಯ್ತು ಕಣಮ್ಮಿ," ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು. "ಪೇಟೆ ಬೆಲ್ಲಕ್ಕೆ ಪುಡಿ ಬೀಳೋದು ನಂಗೆ ಗೊತ್ತಿತ್ತು. ಊರೋರ್ ತಿನ್ನೋದು ತಾನೆ ಅಂತ ಸುಮ್ಕಿದ್ದೆ. ನಿಂಗೂ ಗೊತ್ತಿತ್ತಲ್ಲ. ನೀನ್ಯಾಕಮ್ಮಿ ಸುಮ್ಕಿದ್ದೆ?"

ಪೇಟೆ ಬೆಲ್ಲದ ವಿಷಯದಲ್ಲಿ ನಾನು ನಿಜವಾಗಿಯೂ ಸುಮ್ಮನಿದ್ದವಳೇ, ಒಂದು ದಿನವೂ ಬೇಡ ಎಂದು ಯಾರಿಗೂ ಹೇಳಿರಲಿಲ್ಲ. ಅವರ ಪಕ್ಕ ನೆಲದ ಮೇಲೆ ಕೂತುಕೊಂಡೆ.